ಬಲ್ಲವರ ಫೋನು, ಬಳಸುವವರ ಫೋನು

ಮಕ್ತಲ್‌ನಲ್ಲೋ ರಾಯಚೂರಿನಲ್ಲೋ ಮೊಬೈಲ್ ಅಂಗಡಿಯವನು ಹೊಸ ಫೋನಿನ ಡಬ್ಬಿ ಬಿಚ್ಚಿ, ಸೂಜಿಯಂಥ ಪಿನ್ನನ್ನು ಫೋನಿನ ಪಕ್ಕೆಗೆ ಚುಚ್ಚಿ, ಸಿಮ್ ಟ್ರೇ ಹೊರಗೆಳೆಯುತ್ತಾನೆ. ಅದರಲ್ಲಿ ಎರಡೇ ಗುಳಿ. ಮೊದಲನೆಯದು ಸಿಮ್‌ಗೆ. ಎರಡನೆಯದರಲ್ಲಿ ಇನ್ನೊಂದು ಸಿಮ್ಮಾದರೂ ಕೂರಬಹುದು, ಮೆಮೊರಿ ಕಾರ್ಡಾದರೂ ಕೂರಬಹುದು, ಎರಡಕ್ಕೂ ಜಾಗವಿಲ್ಲ. ಕಂಪನಿಗಳು ಇದಕ್ಕೆ ಹೈಬ್ರಿಡ್ ಸ್ಲಾಟ್ ಎನ್ನುತ್ತವೆ. ಕೊಳ್ಳಲು ಬಂದವರು ಟ್ರೇ ನೋಡಿ ಸುಮ್ಮನಾಗುತ್ತಾರೆ. ಹಳೆಯ ಫೋನಿನ ಕಾರ್ಡಿನಲ್ಲಿ ಅಂಗಡಿಯವನೇ ದುಡ್ಡು ತಗೊಂಡು ತುಂಬಿಸಿಕೊಟ್ಟ ಭಜನೆ, ಸಿನಿಮಾ, ಮಗಳ ಮದುವೆಯ ವಿಡಿಯೊ ಎಲ್ಲ ಇದೆ. ಎರಡನೇ ಸಿಮ್ ಬಿಡೋಣವೆಂದರೆ ಬ್ಯಾಂಕಿಗೆ ಕೊಟ್ಟ ನಂಬರು ಅದೇ.

ಕೃಷ್ಣಾ ಎಂಬ ಊರಿನವರಿಗೆ ಈ ಪೇಚು ಉಳಿದವರಿಗಿಂತ ತುಸು ಹೆಚ್ಚು. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ರಾಯಚೂರಿಗೆ ಸಮೀಪದಲ್ಲಿರುವ, ಹೊಳೆಯ ಹೆಸರನ್ನೇ ಹೊತ್ತ ಊರಿದು. ಆಡಳಿತ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯದು, ಬಹಳಷ್ಟು ಮಂದಿಯ ಮನೆಮಾತು ಕನ್ನಡ. ಹೊಳೆಯಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು, ಅದು ಕರ್ನಾಟಕ. ಪಹಣಿಗೆ, ಪಿಂಚಣಿಗೆ ಈ ಕಡೆ ಓಡಾಟ, ದವಾಖಾನೆಗೆ, ಸಂತೆಗೆ, ಬೀಗರ ಮನೆಗೆ ಆ ಕಡೆ. ಟೆಲಿಕಾಂ ಇಲಾಖೆಯ ಲೆಕ್ಕದಲ್ಲಿ ಈ ದಂಡೆ ಆಂಧ್ರಪ್ರದೇಶ ವೃತ್ತಕ್ಕೆ ಸೇರಿದ್ದು, ತೆಲಂಗಾಣ ಬೇರೆ ರಾಜ್ಯವಾದ ಮೇಲೂ ಅದು ಬದಲಾಗಲಿಲ್ಲ. ಆ ದಂಡೆ ಕರ್ನಾಟಕ ವೃತ್ತ. ರೋಮಿಂಗ್ ಶುಲ್ಕವಿದ್ದ ಕಾಲದಲ್ಲಿ ಸೇತುವೆ ದಾಟಿದರೆ ಕರೆಯ ದರವೇ ಬೇರೆ. ಏರ್‌ಟೆಲ್‌ನಂಥ ದೊಡ್ಡ ಕಂಪನಿ ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಹೊಳೆದಂಡೆಯವರ ಜೇಬಿಗೆ ಎರಡು ಸಿಮ್ ರೂಢಿಯಾಗಿತ್ತು. ಒಂದರ ಸಿಗ್ನಲ್ ಹೋದರೆ ಇನ್ನೊಂದು ಇರಲಿ ಎಂಬ ಲೆಕ್ಕ ಇವತ್ತಿಗೂ ಇದೆ.

ಇಂಥ ಲೆಕ್ಕ ದೊಡ್ಡ ಕಂಪನಿಗಳ ಎಂಜಿನಿಯರುಗಳ ತಲೆಗೆ ತಡವಾಗಿ ಹೋಯಿತು. ಭಾರತದಲ್ಲಿ ಮನೆಮಾತಾಗಿದ್ದ ನೋಕಿಯಾ ಎರಡು ಸಿಮ್‌ನ ಫೋನನ್ನು ಪ್ರಕಟಿಸಿದ್ದು 2010ರಲ್ಲಿ. ಆ ವೇಳೆಗೆ ಮೈಕ್ರೋಮ್ಯಾಕ್ಸ್ ಮತ್ತು ಹೆಸರಿಲ್ಲದ ಚೀನಾ ಫೋನುಗಳು ಸಂತೆ ತುಂಬಿದ್ದವು. ಐಫೋನಿಗೆ ಎರಡನೇ ನಂಬರು ಬಂದದ್ದು 2018ರಲ್ಲಿ. ಫೋನು ಮಾಡುವವರು ಯಾರನ್ನು ಕಣ್ಣೆದುರು ಇಟ್ಟುಕೊಂಡು ಮಾಡುತ್ತಾರೆ? ಒಳಗಿನ ಯಂತ್ರವನ್ನು ಬಲ್ಲವನನ್ನೋ, ಹೊರಗಿನ ಗುಂಡಿಯನ್ನಷ್ಟೇ ಒತ್ತುವವನನ್ನೋ? ಇದು ವ್ಯಾಪಾರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಈ ನೆಲದಲ್ಲಿ ಇದನ್ನು ಧರ್ಮದ ಪ್ರಶ್ನೆಯಾಗಿ ಕೇಳಿ, ಜಗಳವಾಡಿ, ಒಂದು ಬಗೆಯ ಉತ್ತರವನ್ನೂ ಕಂಡುಕೊಂಡು ಇನ್ನೂರೈವತ್ತು ವರ್ಷವಾಗಿದೆ.

ವೇದಾಂತದ ಗ್ರಂಥ ಹಿಡಿಯುವ ಮೊದಲು ಗುರು ನಾಲ್ಕು ಸಂಗತಿ ಇತ್ಯರ್ಥ ಮಾಡಿಕೊಳ್ಳುತ್ತಾನೆ. ಇದಕ್ಕೆ ಅಧಿಕಾರಿ ಯಾರು, ಇದರ ವಿಷಯವೇನು, ಪ್ರಯೋಜನವೇನು, ಇವುಗಳ ನಡುವಿನ ಸಂಬಂಧವೇನು. ಮೊದಲ ಸ್ಥಾನ ಅಧಿಕಾರಿಗೆ. ಯಾರಿಗಾಗಿ ಎಂಬುದು ಗೊತ್ತಾಗದೆ ಏನು ಹೇಳಬೇಕೆಂಬುದೂ ಗೊತ್ತಾಗದು ಎಂಬ ವಿವೇಕ ಇದರಲ್ಲಿದೆ. ಇದರಲ್ಲೇ ಒಂದು ದೊಡ್ಡ ಅನ್ಯಾಯವೂ ಹುದುಗಿತ್ತು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣಕ್ಕೆ ಭಾಷ್ಯ ಬರೆದ ಆಚಾರ್ಯರು ಹುಟ್ಟನ್ನೇ ಅಳತೆಗೋಲು ಮಾಡಿ ಶೂದ್ರರಿಗೆ ವೇದಾಧ್ಯಯನದ ಬಾಗಿಲು ಮುಚ್ಚಿದರು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಆ ಅಳತೆಗೋಲನ್ನೇ ಮುರಿಯಹೊರಟು ಕನ್ನಡದಲ್ಲಿ ಮಾತಾಡಿದರು. ಮುಂದೆ ವಿಜಯನಗರದ ಕಾಲಕ್ಕೆ ಮಾಧ್ವರಲ್ಲಿ ಎರಡು ಕೂಟಗಳಾದವು: ಸಂಸ್ಕೃತದಲ್ಲಿ ತರ್ಕ ಮಾಡುವ ವ್ಯಾಸಕೂಟ, ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ದಾಸಕೂಟ. ಎರಡಕ್ಕೂ ವ್ಯಾಸರಾಯರೇ ಹಿರಿಯರು. ಹಾಗಿದ್ದೂ ಪಂಡಿತರು ದಾಸರನ್ನು ನೋಡಿ ಮೂಗು ಮುರಿಯುವುದು ತಪ್ಪಲಿಲ್ಲ.

ಆ ಮೂಗುಮುರಿತದ ಹೆಸರಾಂತ ಕಥೆ ಗದ್ವಾಲ ಸೀಮೆಯದು. 1956ರವರೆಗೆ ಗದ್ವಾಲ, ಆಲಂಪುರಗಳು ರಾಯಚೂರು ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆ ಅವುಗಳನ್ನು ಮಹಬೂಬನಗರಕ್ಕೆ ಸೇರಿಸಿತು. ಗದ್ವಾಲ ಸೀಮೆಯ ಐಜ ಮಂಡಲದ ಉತ್ತನೂರಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಗೋಪಾಲದಾಸರು ನೆಲೆಸಿದ್ದರು. ಹುಟ್ಟಿದ್ದು ದೇವದುರ್ಗದ ಹತ್ತಿರದ ಮೊಸರಕಲ್ಲಿನಲ್ಲಿ. ಚೀಕಲಪರ್ವಿಯ ವಿಜಯದಾಸರ ಶಿಷ್ಯರು. ಅತ್ತ ಮಾನ್ವಿ ಕಡೆಯ ಬ್ಯಾಗವಟ್ಟಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ವಿದ್ವಾಂಸರು. ಸಂಸ್ಕೃತದಲ್ಲಿ ಎತ್ತಿದ ಕೈ. ವಿಜಯದಾಸರು ಪ್ರಸಾದಕ್ಕೆ ಕರೆಕಳಿಸಿದಾಗ, ಕನ್ನಡದಲ್ಲಿ ಹಾಡಿಕೊಂಡು ತಿರುಗುವವರ ಪಂಕ್ತಿಯಲ್ಲಿ ಕೂರುವುದೇ ಎಂದು ಹೊಟ್ಟೆನೋವಿನ ನೆವ ಹೇಳಿದರಂತೆ. ನೆವ ನಿಜವಾಯಿತು. ಯಾವ ಔಷಧಕ್ಕೂ ಬಗ್ಗದ ನೋವು ಅವರನ್ನು ಉತ್ತನೂರಿಗೆ ತಂದಿತು. ಗೋಪಾಲದಾಸರು ಮಂತ್ರಿಸಿದ ಜೋಳದ ರೊಟ್ಟಿ ತಿನ್ನಿಸಿದರು, ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆಯೆರೆದರು ಎಂದು ಸಂಪ್ರದಾಯ ಹೇಳುತ್ತದೆ. ಆಚಾರ್ಯರು ಜಗನ್ನಾಥದಾಸರಾದರು.

ಪವಾಡವನ್ನು ನಂಬುವುದು ಬಿಡುವುದು ಓದುವವರ ಪಾಲಿನದು. ಅದರ ಮುಂದಿನ ಭಾಗಕ್ಕೆ ಸಾಕ್ಷಿಯಾಗಿ ಪುಸ್ತಕವೇ ಇದೆ. ಜಗನ್ನಾಥದಾಸರು ದ್ವೈತ ಸಿದ್ಧಾಂತವನ್ನೆಲ್ಲ ಭಾಮಿನಿ ಷಟ್ಪದಿಗೆ ಇಳಿಸಿ ಹರಿಕಥಾಮೃತಸಾರ ಬರೆದರು. ಅಕ್ಷರ ಬಾರದ ಹೆಂಗಸರು ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿ ಹಾಡಿದರು. ಸೋಜಿಗವೆಂದರೆ ಪಂಡಿತರು ಅದೇ ಕನ್ನಡ ಗ್ರಂಥಕ್ಕೆ ವ್ಯಾಖ್ಯಾನ ಬರೆಯಲು ಕೂತರು. ಹಾಡುವವರಿಗೆ ಅದು ಹಾಡು. ಅಗೆಯುವವರಿಗೆ ಒಳಗೆ ಶಾಸ್ತ್ರವಿದೆ. ಸುಲಭ ಮಾಡುವ ಭರದಲ್ಲಿ ಜಗನ್ನಾಥದಾಸರು ಒಳಗಿನದನ್ನು ಕಿತ್ತು ಎಸೆದಿರಲಿಲ್ಲ.

ಈ ಕೊನೆಯ ಸಂಗತಿಯನ್ನು ಕೈಯಲ್ಲಿ ಹಿಡಿದು ಫೋನುಗಳತ್ತ ಹೊರಳಬೇಕು.

ಪಂಡಿತರ ಮೂಗುಮುರಿತ ಅಲ್ಲೂ ಬೇಕಾದಷ್ಟಿದೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಯಂತ್ರ ಬಲ್ಲವರಲ್ಲಿ ಹಲವರು ನಕ್ಕರು. 3ಜಿ ಇಲ್ಲ, ಎಂಎಂಎಸ್ ಇಲ್ಲ, ಬೇರೆಯವರ ಆ್ಯಪ್ ಹಾಕುವಂತಿಲ್ಲ, ಕಾಪಿ–ಪೇಸ್ಟ್ ಕೂಡ ಇಲ್ಲ. ಅದು ಬಂದದ್ದು 2009ರಲ್ಲಿ. ಐಫೋನ್ ಬಂದ ಹೊತ್ತಿಗೆ ಪೇಟೆಯಲ್ಲಿದ್ದ ನೋಕಿಯಾ ಎನ್95ರಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, 3ಜಿ ಎಲ್ಲವೂ ಇದ್ದವು. ಪಟ್ಟಿ ಹಾಕಿದರೆ ಎನ್95 ಗೆದ್ದಂತೆಯೇ. ಆದರೆ ಬೆರಳಿನಿಂದ ಸವರಿದರೆ ಪರದೆ ಜರುಗುವುದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಲಿಲ್ಲ. ಇನ್ನೂ ಹಿಂದೆ, 2003ರಲ್ಲಿ ಬಂದ ನೋಕಿಯಾ 1100ರ ಕಥೆಯೂ ಇಂಥದೇ. ಕ್ಯಾಮೆರಾ ಇಲ್ಲ, ಬಣ್ಣದ ಪರದೆ ಇಲ್ಲ. ಧೂಳು ಹೋಗದ ಕೀಲಿಮಣೆ, ತಲೆಯಲ್ಲೊಂದು ಟಾರ್ಚು. ರಾತ್ರಿ ಪಂಪ್‌ಸೆಟ್ಟಿನ ಕರೆಂಟು ಬಂದಾಗ ಹೊಲಕ್ಕೆ ಹೋಗುವವನಿಗೆ ಅಷ್ಟು ಸಾಕಾಗಿತ್ತು. ಜಗತ್ತಿನಾದ್ಯಂತ 25 ಕೋಟಿಗೂ ಮಿಕ್ಕಿ ಮಾರಾಟವಾಯಿತು. ಬಲ್ಲವರ ಕನಸಿನ ಫೋನು ಎಂಥದಾಗುತ್ತಿತ್ತು ಎಂಬುದಕ್ಕೆ ಗೂಗಲ್‌ನ ಪ್ರಾಜೆಕ್ಟ್ ಆರಾ ಸಾಕ್ಷಿ. ಕ್ಯಾಮೆರಾ, ಬ್ಯಾಟರಿ, ಸ್ಪೀಕರ್ ಎಲ್ಲವನ್ನೂ ಬೇಕಾದಂತೆ ಕಳಚಿ ಜೋಡಿಸುವ ಫೋನು ಅದು. 2013ರಲ್ಲಿ ಘೋಷಣೆ, 2016ರಲ್ಲಿ ಸಮಾಪ್ತಿ.

ಇಷ್ಟರ ಮೇಲೆ ಬಲ್ಲವರದೆಲ್ಲ ಗತ್ತು, ಸಾಮಾನ್ಯರ ಮಾತೇ ಸರಿ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. 2015ರಿಂದೀಚೆಗೆ ನಡೆದದ್ದು ಆ ತೀರ್ಪಿಗೆ ಅಡ್ಡ ಬರುತ್ತದೆ.

2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ರ ಬೆನ್ನಿನ ಮುಚ್ಚಳ ಉಗುರಿನಿಂದ ತೆಗೆಯಲು ಬರುತ್ತಿತ್ತು. ಬ್ಯಾಟರಿ ಹಳತಾದರೆ ಹೊಸದು ತಂದು ಹಾಕಬಹುದಿತ್ತು, ಮೆಮೊರಿ ಕಾರ್ಡು ಕೂರುತ್ತಿತ್ತು, ನೀರು ಬಿದ್ದರೂ ತಡೆಯುತ್ತಿತ್ತು. ಮರುವರ್ಷದ ಎಸ್6 ಗಾಜು ಲೋಹಗಳ ಚೆಲುವೆ. ಬ್ಯಾಟರಿ ಒಳಗೆ ಬಂದಿ, ಕಾರ್ಡಿಗೆ ಜಾಗವಿಲ್ಲ, ನೀರಿನ ತಡೆಯೂ ಇಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಐಫೋನ್ 7ರಿಂದ ಇಯರ್‌ಫೋನಿನ 3.5 ಮಿ.ಮೀ. ತೂತನ್ನೇ ತೆಗೆಯಿತು, ಅದಕ್ಕೆ ಧೈರ್ಯ ಬೇಕಿತ್ತೆಂದು ಕಂಪನಿಯ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ಹೇಳಿದರು. ಆ ಧೈರ್ಯ ಬೇಗನೆ ಅಂಟುರೋಗವಾಯಿತು. ತೆಳ್ಳಗಾಗಬೇಕು, ನೀರು ಹೋಗಬಾರದು, ಸಾಮಾನ್ಯ ಬಳಕೆದಾರರಿಗೆ ಇವೆಲ್ಲ ಬೇಕಿಲ್ಲ ಎಂಬ ಕಾರಣಗಳು ಬಂದವು. ಮೊದಲಿನದು ಸ್ವಲ್ಪ ನಿಜ. ಎರಡನೆಯದನ್ನು ಎಸ್5 ಒಂದೇ ಸುಳ್ಳಾಗಿಸುತ್ತದೆ. ಮೂರನೆಯದನ್ನು ಯಾರನ್ನು ಕೇಳಿ ಹೇಳಿದರೋ!

ಏಕೆಂದರೆ ಕೃಷ್ಣಾ, ಮಕ್ತಲ್‌ಗಳ ಅಂಗಡಿಗೆ ಬರುವ ಸಾಮಾನ್ಯರು ಕೇಳುವುದು ಇವನ್ನೇ. ಬ್ಯಾಟರಿ ಎಷ್ಟು ದಿನ ಬರ್ತದ, ಬದಲಿಸಬಹುದೇನ್ರಿ? ಕಾರ್ಡು ಕೂಡ್ತದೇನು? ರೇಡಿಯೊ ಅದನೋ ಇಲ್ಲೋ? ಕಿವಿಗೆ ಹಾಕೋ ವೈರು ಹಳೇದೇ ನಡೀತದೇನು? ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೂತು ಫೋನಿನ ಒಳಗನ್ನು ಬಲ್ಲ ಹುಡುಗನ ಬೇಡಿಕೆಪಟ್ಟಿಯೂ ಹೆಚ್ಚುಕಡಿಮೆ ಇದೇ. ಅವನಿಗೆ ತನ್ನ ಯಂತ್ರದ ಮೇಲೆ ತನಗೇ ಹತೋಟಿ ಇರಬೇಕೆಂಬ ತತ್ತ್ವ. ಇವರಿಗೆ ನಾಕು ಕಾಸು ಉಳಿಯಬೇಕು, ನಾಕು ವರ್ಷ ನಡೆಯಬೇಕೆಂಬ ಬದುಕು. ಹೊಸ ಬ್ಯಾಟರಿ ಹಾಕಲು ಫೋನನ್ನು ಬಿಸಿ ಮಾಡಿ, ಅಂಟು ಕರಗಿಸಿ, ಗಾಜು ಒಡೆಯದಂತೆ ಬಿಡಿಸುವ ಕೆಲಸಕ್ಕೆ ಊರಿನ ಮೆಕ್ಯಾನಿಕ್ ಹಿಂದೆಮುಂದೆ ನೋಡುತ್ತಾನೆ. ಎಫ್‌ಎಂ ಕಥೆ ಇನ್ನೂ ವಿಚಿತ್ರ. ಚಿಪ್ಪಿನಲ್ಲಿ ರೇಡಿಯೊ ಇದ್ದರೂ ಅದನ್ನು ಸ್ಥಗಿತಗೊಳಿಸಿ ಮಾರುವ ರೂಢಿ ಬೆಳೆದು, ಕೊನೆಗೆ 2023ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವೇ ಫೋನುಗಳಲ್ಲಿ ಎಫ್‌ಎಂ ಕೇಳುವ ಸೌಲಭ್ಯ ಇರಲಿ, ಇದ್ದದ್ದನ್ನು ಮುಚ್ಚಬೇಡಿ ಎಂದು ಸಲಹೆ ಕೊಡಬೇಕಾಯಿತು. ಪ್ರವಾಹ ಬಂದಾಗ, ನೆಟ್‌ವರ್ಕ್ ಬಿದ್ದಾಗ ರೇಡಿಯೊ ಒಂದೇ ಮಾತಾಡುತ್ತದೆ ಎಂಬುದು ಕಾರಣ. ಕೃಷ್ಣೆಯ ದಂಡೆಯವರಿಗೆ ಪ್ರವಾಹವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಸಿಲಿನದು ಇನ್ನೊಂದು. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ರಾಯಚೂರು, ಗದ್ವಾಲ, ನಾರಾಯಣಪೇಟೆಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಆ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಎರಡು ತಿಂಗಳು ಹಗಲು ಫೋನು ಮುಟ್ಟುವಂತಿಲ್ಲ. ವಿನ್ಯಾಸಕಾರನ ಮನಸ್ಸಿನಲ್ಲಿರುವ ಆ ‘ಸಾಮಾನ್ಯ’ ಮನುಷ್ಯ ತಂಪಾದ ಊರಿನಲ್ಲಿ, ಒಂದೇ ಸಿಮ್ ಇಟ್ಟುಕೊಂಡು, ಒಂದೇ ಭಾಷೆ ಆಡುತ್ತ, ಎರಡು ವರ್ಷಕ್ಕೊಂದು ಫೋನು ಕೊಳ್ಳುತ್ತ ಬದುಕಿರಬೇಕು. ಅಂಥವನು ಮಕ್ತಲ್ ಬಸ್ ನಿಲ್ದಾಣದಲ್ಲಿ ಇಳಿದದ್ದನ್ನು ಯಾರೂ ನೋಡಿಲ್ಲ.

ಭಾಷೆಯ ಲೆಕ್ಕಕ್ಕೆ ಒಂದು ಉದಾಹರಣೆ ಸಾಕು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರಗಳ ಮಿತಿ. ಕನ್ನಡದಲ್ಲಿ ಬರೆದರೆ ಅದು 70ಕ್ಕೆ ಇಳಿಯುತ್ತದೆ. ಅದರಲ್ಲೂ ‘ರಾಷ್ಟ್ರ’ ಎಂಬ ಎರಡಕ್ಷರ ಯಂತ್ರದ ಎಣಿಕೆಯಲ್ಲಿ ಏಳು: ರ, ದೀರ್ಘ, ಷ, ಹಲಂತ, ಟ, ಹಲಂತ, ರ. ಹೀಗೆ ಒತ್ತಕ್ಷರ ಕುಟ್ಟುವುದಕ್ಕಿಂತ ಮಾತಾಡುವುದೇ ವಾಸಿ ಎಂದು ಗಡಿಯ ಮಂದಿ ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜಿಗೆ ಒಗ್ಗಿಕೊಂಡರು. ಮನೆಯ ಕನ್ನಡ, ಕಚೇರಿಯ ತೆಲುಗು, ಫಾರಮ್ಮಿನ ಇಂಗ್ಲಿಷ್ ಮೂರರ ನಡುವೆ ಕೀಬೋರ್ಡ್ ಬದಲಿಸುವ ತಾಪತ್ರಯ ಮೈಕಿನ ಗುಂಡಿಯಲ್ಲಿಲ್ಲ. ಬಲ್ಲವರು ಕಡೆಗಣಿಸುವ ಆ ಗುಂಡಿ ಇಲ್ಲಿ ಲಿಪಿ ಕಲಿಯದ ಅಜ್ಜಿಯನ್ನೂ ಪತ್ರ ಬರೆಯುವವಳನ್ನಾಗಿ ಮಾಡಿದೆ.

ಹಾಗಾದರೆ ಬಲ್ಲವರಿಗೂ ಬಳಸುವವರಿಗೂ ಜಗಳವೇ ಇಲ್ಲವೇ? ಇದೆ. ನಿಜವಾದ ಜಗಳ ಬೇರೊಂದು ಕಡೆ ಇದೆ, ಅದು ಕಠಿಣವೂ ಹೌದು.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರಿನ ಹಂಗಿಲ್ಲದೆ ಎಪಿಕೆ ಕಡತ ಇಳಿಸಿಕೊಂಡು ಆ್ಯಪ್ ಹಾಕಬಹುದು. ಬಲ್ಲವರಿಗೆ ಇದು ಸ್ವಾತಂತ್ರ್ಯದ ಮೂಲಮಂತ್ರ. ಕನ್ನಡದ ಹವ್ಯಾಸಿಯೊಬ್ಬ ತಾನೇ ಬರೆದ ನಿಘಂಟಿನ ಆ್ಯಪನ್ನು ಯಾರ ಅಪ್ಪಣೆಯೂ ಇಲ್ಲದೆ ಗೆಳೆಯರಿಗೆ ಹಂಚಲು ಇದೇ ದಾರಿ. ಆದರೆ ಇದೇ ದಾರಿಯಲ್ಲಿ ಕಳ್ಳರೂ ಬಂದರು. ಮದುವೆಯ ಆಮಂತ್ರಣ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನ ಎಪಿಕೆಗಳು ವಾಟ್ಸ್ಆ್ಯಪ್‌ನಲ್ಲಿ ಬಂದು, ಒತ್ತಿದವರ ಒಟಿಪಿ ಕದ್ದು ಖಾತೆ ಬರಿದು ಮಾಡಿದ ದೂರುಗಳು ದೇಶದ ಸೈಬರ್ ಠಾಣೆಗಳಲ್ಲಿ ತುಂಬಿವೆ. ಒಬ್ಬನ ಸ್ವಾತಂತ್ರ್ಯದ ಬಾಗಿಲು ಇನ್ನೊಬ್ಬನ ಮನೆಗೆ ಹಾಕಿದ ಕನ್ನ. ತಿಳಿವಿನಲ್ಲಿ ಸಮಾನರಲ್ಲದವರಿಗೆ ಒಂದೇ ಬಗೆಯ ಸ್ವಾತಂತ್ರ್ಯ ಕೊಡುವುದು ನ್ಯಾಯವೇ? ಅಥವಾ ತಿಳಿಯದವರ ಹೆಸರಿನಲ್ಲಿ ತಿಳಿದವರ ಬಾಗಿಲನ್ನೂ ಮುಚ್ಚುವುದು ನ್ಯಾಯವೇ? ಅಧಿಕಾರಿ ಯಾರು ಎಂಬ ಹಳೆಯ ಪ್ರಶ್ನೆಯೇ ಇದು.

2025ರ ಆಗಸ್ಟ್‌ನಲ್ಲಿ ಗೂಗಲ್ ಎರಡನೆಯದನ್ನು ಆರಿಸಿಕೊಂಡಿತು. ಗುರುತು ದೃಢಪಡಿಸಿಕೊಳ್ಳದ ತಯಾರಕರ ಆ್ಯಪುಗಳನ್ನು ಪ್ರಮಾಣಿತ ಆಂಡ್ರಾಯ್ಡ್ ಫೋನುಗಳಲ್ಲಿ ಹಾಕಲು ಬಿಡುವುದಿಲ್ಲ, 2026ರಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಮೊದಲು ಜಾರಿ ಎಂದಿತು. ಬಲ್ಲವರು ಗದ್ದಲವೆಬ್ಬಿಸಿದರು. ನವೆಂಬರ್ ಹೊತ್ತಿಗೆ ಕಂಪನಿ ಸ್ವಲ್ಪ ಸಡಿಲಿಸಿ, ಅಪಾಯ ಅರಿತು ಮುಂದುವರಿಯುವ ಅನುಭವಿಗಳಿಗೆ ಬೇರೆ ದಾರಿ ಇಡುತ್ತೇವೆ ಎಂದಿತು. ಆ ದಾರಿ ಹೇಗಿರಬೇಕೆಂಬುದಕ್ಕೆ ಮಾದರಿ ಅವರ ಮನೆಯಲ್ಲೇ ಇದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಎಂಬಲ್ಲಿಗೆ ಹೋಗಿ, ಬಿಲ್ಡ್ ನಂಬರಿನ ಮೇಲೆ ಏಳು ಸಲ ಬೆರಳು ಬಡಿದರೆ ತಂತ್ರಜ್ಞರ ಗುಪ್ತಕೋಣೆ ತೆರೆಯುತ್ತದೆ. ಮೂರೋ ನಾಲ್ಕೋ ಸಲ ಆದಮೇಲೆ, ಇನ್ನಿಷ್ಟು ಹೆಜ್ಜೆ ಬಾಕಿ ಎಂದು ಫೋನೇ ಎಣಿಸಿ ಹೇಳುತ್ತದೆ. 2012ರ ಆಂಡ್ರಾಯ್ಡ್ 4.2ರಿಂದ ಈ ಏರ್ಪಾಡಿದೆ. ಅಕಸ್ಮಾತ್ತಾಗಿ ಯಾರ ಬೆರಳೂ ಅಲ್ಲಿಗೆ ತಲುಪದು. ತಲುಪಬೇಕೆಂದವರನ್ನು ಕುಲ ಯಾವುದು, ಡಿಗ್ರಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಶರಣರು ಮುರಿಯಹೊರಟದ್ದು ಹುಟ್ಟಿನ ಬೀಗವನ್ನು. ಸಿದ್ಧತೆಯನ್ನು ಅವರೂ ಕೇಳುತ್ತಿದ್ದರು. ಏಳು ಸಲ ತಟ್ಟಿದವನಿಗೆ ತೆರೆಯುವ ಬಾಗಿಲು ಸಿದ್ಧತೆಯ ಬಾಗಿಲು.

ದಾಸರನ್ನೂ ಇಲ್ಲಿ ಅತಿಯಾಗಿ ಹೊಗಳಬೇಕಿಲ್ಲ. ಹಾಡಿನ ಬಾಗಿಲು ತೆರೆದರೂ ಎಲ್ಲ ಬಾಗಿಲುಗಳನ್ನು ಅವರು ತೆರೆಯಲಿಲ್ಲ. ತಾರತಮ್ಯದ ಸಿದ್ಧಾಂತವನ್ನು ಹಾಗೇ ಉಳಿಸಿಕೊಂಡರು. ಆದರೂ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದಾಗ ಪಾಂಡಿತ್ಯವನ್ನು ಹೊಳೆಗೆ ಎಸೆಯಲಿಲ್ಲ ಎಂಬುದು ಫೋನು ಮಾಡುವವರು ಗಮನಿಸಬೇಕಾದ ಮಾತು. ಗದ್ವಾಲದ ಸೀರೆಯಲ್ಲಿ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ನೇಕಾರನ ಕಸುಬು ಕಾಣುವುದು ಎರಡೂ ಎಳೆ ಕೂಡುವ ಜಾಗದಲ್ಲಿ. ಫೋನಿನ ವಿನ್ಯಾಸದಲ್ಲೂ ಕಷ್ಟದ ಜಾಗ ಅದೇ. ಒಡಲನ್ನಷ್ಟೇ ನೇಯ್ದು ಅಂಚು ಬೇಕಿಲ್ಲವೆನ್ನುವುದು ಸರಳತೆಯಾಗದು, ಸೋಮಾರಿತನವಾದೀತು. ಇಂದಿನ ಮುಚ್ಚಿದ ಫೋನುಗಳ ಮೇಲಿನ ನೇರ ಆಕ್ಷೇಪ ಇಷ್ಟೇ: ಅವು ಸಾಮಾನ್ಯರ ಹೆಸರು ಹೇಳಿ ಬಲ್ಲವರ ಬಾಗಿಲು ಮುಚ್ಚಿದವು, ಸಾಮಾನ್ಯರಿಗೆ ಬೇಕಾದದ್ದನ್ನೂ ಕೊಡಲಿಲ್ಲ.

ಕಾನೂನು ನಿಧಾನವಾಗಿ ಈ ಕಡೆ ತಿರುಗುತ್ತಿದೆ. ಬಳಸುವವರು ತಾವೇ ಬ್ಯಾಟರಿ ತೆಗೆದು ಹಾಕುವಂತಿರಬೇಕೆಂಬ ಐರೋಪ್ಯ ಒಕ್ಕೂಟದ 2023ರ ನಿಯಮ 2027ರ ಫೆಬ್ರವರಿ 18ರಿಂದ ಜಾರಿಗೆ ಬರಬೇಕಿದೆ. ಅದರಲ್ಲೂ ದೀರ್ಘಕಾಲ ಬಾಳುವ ಬ್ಯಾಟರಿಗಳಿಗೆ ಕೆಲವು ವಿನಾಯಿತಿಗಳಿವೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಫೋನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಡಬ್ಬಿಯ ಮೇಲೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿದೆ.

ಅಲ್ಲಿಯವರೆಗೆ ಕೆಲಸವಿರುವುದು ಕನ್ನಡದಲ್ಲಿ ಫೋನಿನ ವಿಮರ್ಶೆ ಮಾಡುವ ಬಲ್ಲವರಿಗೆ. ವಿಡಿಯೊಗಳಲ್ಲಿ ಅವರು ಗೇಮು ಸೆಕೆಂಡಿಗೆ ಎಷ್ಟು ಫ್ರೇಮು ಓಡುತ್ತದೆಂದು ಅಳೆಯುತ್ತಾರೆ, ಕ್ಯಾಮೆರಾದಲ್ಲಿ ಚಂದ್ರನನ್ನು ಹಿಡಿಯುತ್ತಾರೆ. ಮುಂದಿನ ಫೋನು ಕೈಗೆ ಬಂದಾಗ ಇನ್ನು ನಾಲ್ಕು ಸಂಗತಿ ನೋಡಿ ಹೇಳಲಿ: ಎರಡು ಸಿಮ್ಮೂ ಕಾರ್ಡೂ ಒಟ್ಟಿಗೆ ಕೂರುತ್ತವೆಯೇ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಬಸ್ಸಿನಲ್ಲಿ ಫೋನು ಎಷ್ಟು ಕಾಯುತ್ತದೆ, ಕನ್ನಡ ತೆಲುಗು ಕೀಬೋರ್ಡುಗಳು ಅಕ್ಕಪಕ್ಕ ಸಲೀಸಾಗಿ ನಡೆಯುತ್ತವೆಯೇ, ಮೂರು ವರ್ಷದ ಮೇಲೆ ಬ್ಯಾಟರಿ ಬದಲಿಸಲು ತಾಲೂಕಿನ ಅಂಗಡಿಯಲ್ಲಿ ಎಷ್ಟು ದುಡ್ಡು ಬೀಳುತ್ತದೆ.